ಚೀನದ ಮೂಲಿಕಾ ಪಂಡಿತ ಲೀ ಷಿಜೆನ್

ಬುದ್ಧಿಯ ನೆಲೆ ಹೃದಯವೆಂಬುದು ಚೀನದ ವೈದ್ಯರ ಬಹುಕಾಲದ ನಂಬಿಕೆ. ಮಿದುಳೇ ಮೂಲಚೇತನದ ಮನೆಯೆಂದು ಬರೆದಿಟ್ಟವರಲ್ಲಿ ಲೀ ಷಿಜೆನ್ ಪ್ರಮುಖನು. ಅದೂ ನಮ್ಮ ಸಂಪಿಗೆಯ ಕುಲಕ್ಕೆ ಸೇರಿದ, ಕಟ್ಟಿದ ಮೂಗಿಗೆ ಮದ್ದಾದ ಮೊಗ್ಗೊಂದನ್ನು ವಿವರಿಸುವಾಗ!

ಕ್ರಿ. ಶ. 1518ರಲ್ಲಿ ಇಂದಿನ ಹೂಬೇ ಪ್ರಾಂತದ ವೈದ್ಯರ ಮನೆತನದಲ್ಲಿ ಹುಟ್ಟಿದ ಈತನು ಅಧಿಕಾರಿಯಾಗಲೆಂಬುದು ತಂದೆಯ ಬಯಕೆ. ಆದರೆ ಸರಕಾರಿ ಪರೀಕ್ಷೆಯಲ್ಲಿ ಮೂರು ಸಲ ಸೋತನು. ಶಾಲೆಯ ಮೆಟ್ಟಿಲನ್ನು ಹೆಚ್ಚು ಏರದ ನಮ್ಮಂಥವರಿಗೆ ಇದರಿಂದಲೇ ಈತನು ಆಪ್ತನಾಗುತ್ತಾನೆ. ಬಳಿಕ ತಂದೆಯ ವೃತ್ತಿಯನ್ನೇ ಹಿಡಿದನು.

ಹಳೆಯ ಗ್ರಂಥಗಳಲ್ಲಿ ಮೂಲಿಕೆಗಳ ಹೆಸರು ಕಲಸಿಹೋಗಿ, ಮದ್ದೆಂದು ವಿಷವೇ ರೋಗಿಯ ಹೊಟ್ಟೆ ಸೇರುವ ಅಪಾಯವಿತ್ತು. ಅದನ್ನು ತಿದ್ದಲು 1552ರಲ್ಲಿ ಲೇಖನಿ ಹಿಡಿದನು. ಬೆಟ್ಟ ಹತ್ತಿದನು, ರೈತರನ್ನೂ ಬೆಸ್ತರನ್ನೂ ವಿಚಾರಿಸಿದನು. ದತ್ತೂರಿಯನ್ನು ಚೀನೀಯರು ಸಂಸ್ಕೃತ ಮೂಲದ ‘ಮಂದಾರ’ವೆಂಬ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ಮದ್ಯದಲ್ಲಿ ಬೆರೆಸಿ ತಾನೇ ಕುಡಿದು, ಅರೆಮತ್ತಿನಲ್ಲಿರುವವನು ಇತರರು ನಕ್ಕರೆ ನಗುವನು, ಕುಣಿದರೆ ಕುಣಿಯುವನು ಎಂದು ಕಂಡುಕೊಂಡನು. ವಾಚಕರು ಇದನ್ನು ಖಂಡಿತ ಪರೀಕ್ಷಿಸಬಾರದು. ಅದು ಪ್ರಾಣಕ್ಕೇ ಎರವಾದೀತು. ಅಮರತ್ವದ ಆಸೆಯಿಂದ ಪಾದರಸ ನುಂಗುವುದನ್ನು ಆತನು ಖಂಡಿಸಿದನು. ಪಾದರಸವು ಮಿದುಳನ್ನೂ ನರಗಳನ್ನೂ ಕೆಡಿಸುವುದೆಂಬುದು ಇಂದು ನಿಶ್ಚಿತ. ಆದರೂ ಆತನು ಬರೆದ ಮದ್ದುಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವಂಥವಲ್ಲ.

ಮೂರು ಬಾರಿ ತಿದ್ದಿ ಬರೆದು 1578ರಲ್ಲಿ ಮುಗಿಸಿದ ‘ಬೆನ್‌ಸಾವೊ ಗಾಂಗ್‌ಮು’ ಗ್ರಂಥದಲ್ಲಿ 52 ಸಂಪುಟಗಳು, 1,892 ದ್ರವ್ಯಗಳು, 11,000ಕ್ಕೂ ಮಿಕ್ಕಿದ ಔಷಧಯೋಗಗಳಿವೆ. ಅಚ್ಚುಹಾಕಿಸಲು ವರ್ಷಗಟ್ಟಲೆ ಅಲೆದು 1593ರಲ್ಲಿ ಕಣ್ಮುಚ್ಚಿದನು. 1596ರಲ್ಲಿ ನಾನ್‌ಕಿಂಗಿನಲ್ಲಿ ಗ್ರಂಥ ಹೊರಬಂದಿತು. ಮಗನು ಅದನ್ನು ಚಕ್ರವರ್ತಿಗೆ ಒಪ್ಪಿಸಿದನು.