ಲಿವಿಂಗ್‌ಸ್ಟನ್ ಮಹಾಶಯರ ಪ್ರಯಾಣಸಿದ್ಧತೆ

ಸ್ಕಾಟ್ಲೆಂಡಿನಲ್ಲಿ 1813ರಲ್ಲಿ ಜನಿಸಿದ ಡೇವಿಡ್ ಲಿವಿಂಗ್‌ಸ್ಟನ್‌ರು ಬಾಲ್ಯದಲ್ಲಿ ಹತ್ತಿಯ ಗಿರಣಿಯಲ್ಲಿ ದುಡಿದು, ವೈದ್ಯವಿದ್ಯೆಯನ್ನು ಕಲಿತು, 1841ರಲ್ಲಿ ದಕ್ಷಿಣ ಆಫ್ರಿಕವನ್ನು ಸೇರಿದರು. ಅವರ ಪ್ರಯಾಣಗಳ ಕೀರ್ತಿಯು ಸರ್ವವಿದಿತವಾದುದು. ಆ ಪ್ರಯಾಣಗಳ ಸಿದ್ಧತೆಯನ್ನು ಕುರಿತು ಮಾತ್ರ ನಾವಿಲ್ಲಿ ಬರೆಯುವೆವು.

1849ರಲ್ಲಿ ಅವರು ಕಲಹಾರಿ ಮರುಭೂಮಿಯನ್ನು ದಾಟಿ ಎನ್‌ಗಾಮಿ ಸರೋವರವನ್ನು ಕಂಡರು. ಮರುವರ್ಷ ಪತ್ನಿ ಮೇರಿಯಮ್ಮನವರನ್ನೂ ಎಳೆಯ ಮಕ್ಕಳನ್ನೂ ಎತ್ತಿನ ಬಂಡಿಯಲ್ಲಿ ಅಲ್ಲಿಗೆ ಕರೆದೊಯ್ದರು. ಮಕ್ಕಳು ಜ್ವರಪೀಡಿತರಾದರು, ಹಿಂದಿರುಗಿದ ಮೇಲೆ ಹುಟ್ಟಿದ ಹೆಣ್ಣು ಶಿಶುವು ಆರು ವಾರಗಳಲ್ಲಿ ತೀರಿಕೊಂಡಿತು. ಆದರೂ 1851ರಲ್ಲಿ ಕುಟುಂಬವು ಪುನಃ ಹೊರಟಿತು. ದಾರಿಯಲ್ಲಿ ನೀರು ಮುಗಿದು, ಮಕ್ಕಳು ದಾಹದಿಂದ ಸಾಯುವಂತಾದರು. 1852ರಲ್ಲಿ ಅವರೆಲ್ಲರನ್ನೂ ಕೇಪ್ ಟೌನಿನಿಂದ ಸ್ವದೇಶಕ್ಕೆ ಕಳುಹಿಸಲಾಯಿತು.

1853ರ ನವೆಂಬರಿನಲ್ಲಿ ಲಿವಿಂಗ್‌ಸ್ಟನ್‌ರು ಲಿನ್ಯಾಂಟಿಯಿಂದ ಪಶ್ಚಿಮ ಸಮುದ್ರದ ಕಡೆಗೆ ಹೊರಟರು. ಅಲ್ಲಿಯ ದೊರೆಯಾದ ಸೆಕೆಲೆಟು 27 ಮಂದಿಯನ್ನು ಜೊತೆಗೆ ಕೊಟ್ಟಿದ್ದನು. ಈ ಸಲ ಹೊರೆಯು ಅತ್ಯಲ್ಪ: ಔಷಧಗಳು, ಕೆಲವು ಬಟ್ಟೆಗಳು, ಪುಸ್ತಕಗಳು, ಅಳತೆಯ ಉಪಕರಣಗಳು, ಚಿಕ್ಕದೊಂದು ಡೇರೆ, ಚಿತ್ರ ತೋರಿಸುವ ಮಾಯಾದೀಪ. 1854ರ ಮೇ 31ರಂದು ಲುವಾಂಡವನ್ನು ಮುಟ್ಟಿದಾಗ ಅವರು ರೋಗದಿಂದ ಬಳಲಿದ್ದರು. ಊರಿಗೆ ಹೋಗಲು ಹಡಗು ಸಿದ್ಧವಿದ್ದರೂ ಹತ್ತದೆ, ಜೊತೆಗಾರರಿಗೆ ಕೊಟ್ಟ ಮಾತಿನಂತೆ ಅವರನ್ನು ಮರಳಿ ಮನೆಗೆ ಮುಟ್ಟಿಸಿದರು. ಬಳಿಕ 1855ರಲ್ಲಿ ಜಾಂಬೆಜಿ ನದಿಯ ಮಹಾಜಲಪಾತವನ್ನು ಕಂಡು, 1856ರಲ್ಲಿ ಪೂರ್ವ ಸಮುದ್ರವನ್ನು ಸೇರಿದರು.

ಪತಿಯನ್ನು ಕೂಡಿಕೊಳ್ಳಲು ಮತ್ತೆ ಬಂದ ಮೇರಿಯಮ್ಮನವರು 1862ರಲ್ಲಿ ಜಾಂಬೆಜಿಯ ತೀರದ ಶುಪಾಂಗದಲ್ಲಿ ಜ್ವರದಿಂದ ಮಡಿದರು. ಲಿವಿಂಗ್‌ಸ್ಟನ್‌ರು 1873ರಲ್ಲಿ ಕಾಲವಾದರು.

ಜೊತೆಗಾರರಿಗೆ ಕೊಟ್ಟ ಮಾತನ್ನು ಉಳಿಸಿದ ಅವರನ್ನು ನಾವು ಗೌರವಿಸುತ್ತೇವೆ. ಆದರೆ ಪ್ರಯಾಣದ ಸಿದ್ಧತೆಯಲ್ಲಿ ನೀರು, ಔಷಧಗಳನ್ನು ಎಣಿಸುವಂತೆ, ನಮ್ಮೊಡನೆ ಬರುವವರ ಶಕ್ತಿಯನ್ನೂ ಎಣಿಸಬೇಕೆಂಬುದನ್ನು ಮೇರಿಯಮ್ಮನವರ ಸಮಾಧಿಯು ನಮಗೆ ಕಲಿಸುತ್ತದೆ.