ಡಾರ್ವಿನ್ನನೂ ಹವಳದ ದ್ವೀಪಗಳೂ

ಕೊಚ್ಚಿಯಲ್ಲಿ ಹಡಗನ್ನೇರಿ ಪಡುವಣಕ್ಕೆ ಸಾಗಿದರೆ ಲಕ್ಷದ್ವೀಪ ಕಾಣಿಸುತ್ತದೆ. ಅದು ಹವಳದ ಹುಳುಗಳು ಕಟ್ಟಿದ ನಾಡು. ಇಂಥ ದ್ವೀಪಗಳ ಹುಟ್ಟನ್ನು ವಿವರಿಸಿದ ಮಹನೀಯನು ಚಾರ್ಲ್ಸ್ ಡಾರ್ವಿನ್.

ಈತನು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ವೈದ್ಯವಿದ್ಯೆಯು ಆತನಿಗೆ ಹಿಡಿಸಲಿಲ್ಲ. 1831ರಲ್ಲಿ ಬೀಗಲ್ ಎಂಬ ಹಡಗನ್ನೇರಿ ಲೋಕಸಂಚಾರಕ್ಕೆ ಹೊರಟನು.

1836ರ ಏಪ್ರಿಲಿನಲ್ಲಿ ಹಡಗು ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳನ್ನು ಮುಟ್ಟಿತು. ಅಲ್ಲಿ ಕೊಬ್ಬು ಮೆತ್ತಿದ ಸೀಸದ ಗುಂಡನ್ನು ಹಗ್ಗದಿಂದ ಇಳಿಬಿಟ್ಟು ಆಳವನ್ನು ಅಳೆದರು. ಹೆಚ್ಚು ಆಳಕ್ಕೆ ಹೋದಂತೆ ಕೊಬ್ಬಿಗೆ ಮರಳೇ ಅಂಟಿ ಬಂದಿತು. ದ್ವೀಪ ಕಟ್ಟುವ ಹವಳವು ಮೇಲಿನ ನೀರಿನಲ್ಲಿ ಮಾತ್ರ ಬೆಳೆಯುವುದೆಂದು ಇದರಿಂದ ತಿಳಿಯಿತು. ಕೆಳಗಿನ ನೆಲವು ಮೆಲ್ಲಮೆಲ್ಲನೆ ಕುಸಿದಂತೆಲ್ಲ ಹವಳವು ಮೇಲಕ್ಕೆ ಬೆಳೆಯುತ್ತ ಬಂದಿತೆಂದು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತನು ವಾದಿಸಿದನು.

ಕುಸಿತಕ್ಕೆ ಸರಿಯಾಗಿ ಹವಳವು ಬೆಳೆಯಬಲ್ಲುದೆ? ಮಡಗಾಸ್ಕರಿನಲ್ಲಿ ವೈದ್ಯನೊಬ್ಬನು ತೂಗಿ ನೆಟ್ಟ ಹವಳದ ತುಂಡುಗಳು ಏಳು ತಿಂಗಳಲ್ಲಿ ಹಲವು ಅಡಿ ಉದ್ದವಾದುವೆಂಬ ಲೆಕ್ಕ ಆತನಿಗೆ ದೊರೆಯಿತು. ತನ್ನ ವಾದಕ್ಕೆ ಅನುಕೂಲವಾಗಿದ್ದರೂ ಆ ಒಂದು ಲೆಕ್ಕವನ್ನೇ ಎಲ್ಲೆಡೆಗೂ ಹಚ್ಚಲಿಲ್ಲ. ಸ್ಥಳಕ್ಕೆ ತಕ್ಕಂತೆ ಬೆಳವಣಿಗೆ ಬೇರೆಯಾಗುವುದೆಂದು ಬರೆದನು.

1882ರಲ್ಲಿ ಆತನು ತೀರಿಕೊಂಡಾಗ ವಾದವಿನ್ನೂ ಇತ್ಯರ್ಥವಾಗಿರಲಿಲ್ಲ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪವನ್ನು ಕೊರೆದಾಗ 1,200 ಮೀಟರಿಗೂ ಕೆಳಗೆ ಜ್ವಾಲಾಮುಖಿಯ ಕಲ್ಲು ದೊರೆತು ಆತನ ಮಾತು ದಿಟವಾಯಿತು.

ಇಂದು ಹವಳದ ಅಸ್ಥಿಯನ್ನು ಸೀಳಿ ಎಕ್ಸ್‌ರೇ ಹಿಡಿದರೆ, ಮರದ ಉಂಗುರಗಳಂತೆ, ಸಾಂದ್ರವೂ ವಿರಳವೂ ಆದ ಪಟ್ಟೆಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದು ಜೋಡಿಗೆ ಒಂದು ವರ್ಷ. ವಿದ್ವಾಂಸರು ಹಲವು ಕಡೆ ಅಳೆದು, ಸರಾಸರಿಯೊಡನೆ ಅದು ಎಷ್ಟರಮಟ್ಟಿಗೆ ತಪ್ಪಿರಬಹುದೆಂಬುದನ್ನೂ ಹೇಳುತ್ತಾರೆ. ವಿದ್ಯಾರ್ಥಿಗಳೇ, ಅಳತೆಯ ಮಿತಿಯನ್ನು ಮುಚ್ಚಿಡದ ಪ್ರಾಮಾಣಿಕತೆಯನ್ನು ಡಾರ್ವಿನ್ನನಲ್ಲಿ ಕಂಡೆವು. ನಿಮ್ಮ ಪ್ರಯೋಗದ ಪುಸ್ತಕದಲ್ಲಿಯೂ ಅದು ಕಾಣಲಿ.