ಡೇಮ್ ಆನರ್ ಫೆಲ್ ಅಮ್ಮನವರ ಜೀವಿತ

ಆನರ್ ಬ್ರಿಜೆಟ್ ಫೆಲ್ ಅಮ್ಮನವರು 1900ನೆಯ ಇಸವಿ ಮೇ 22ರಂದು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ, ಒಂಬತ್ತು ಮಕ್ಕಳ ಸಂಸಾರದಲ್ಲಿ ಕಡೆಯ ಮಗಳಾಗಿ ಜನಿಸಿದರು. ಬಾಲ್ಯದಿಂದಲೂ ಪ್ರಾಣಿಗಳೆಂದರೆ ಅವರಿಗೆ ಅತಿಶಯವಾದ ಪ್ರೀತಿ. ಮುಂಗುಸಿಯನ್ನು ಹೋಲುವ ತಮ್ಮ ಸಾಕು ಫೆರೆಟ್ಟನ್ನು ಅಕ್ಕನ ಮದುವೆಗೂ ಕೊಂಡೊಯ್ದಿದ್ದರಂತೆ. ಅವರು ಕಲಿತ ಶಾಲೆಗಳಲ್ಲಿ ಸ್ಕಾಟ್ಲೆಂಡಿನ ಮದ್ರಾಸ್ ಕಾಲೇಜೂ ಒಂದು. ವಾಚಕರು ಬೆರಗಾಗಬೇಕಾಗಿಲ್ಲ, ಮದ್ರಾಸಿನ ಅನಾಥಶಾಲೆಯೊಂದರಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನು ರೂಢಿಗೆ ತಂದ ಆಂಡ್ರೂ ಬೆಲ್ ಪಾದ್ರಿಗಳ ದ್ರವ್ಯದಿಂದಲೇ ಆ ಶಾಲೆಯು ಸ್ಥಾಪಿತವಾಯಿತು.

ಎಡಿನ್‌ಬರೋದಲ್ಲಿ ಪ್ರಾಣಿಶಾಸ್ತ್ರವನ್ನು ಓದಿದ ಮೇಲೆ, 1923ರಲ್ಲಿ ಅವರು ಕೇಂಬ್ರಿಜ್ಜಿನ ಡಾಕ್ಟರ್ ಸ್ಟ್ರೇಂಜ್‌ವೇಸ್ ಅವರ ಸಂಶೋಧನಾ ಆಸ್ಪತ್ರೆಗೆ ಸಹಾಯಕರಾಗಿ ಬಂದರು. 1926ರಲ್ಲಿ ಡಾಕ್ಟರರು ತೀರಿಕೊಳ್ಳಲು, ಸಂಸ್ಥೆಯನ್ನೇ ಮುಚ್ಚಿಬಿಡುವ ಯೋಚನೆಯು ಹುಟ್ಟಿತು. ಆಗ ಮುಚ್ಚಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಅದು ಉಳಿಯಿತು, ಮೂವತ್ತು ತುಂಬುವ ಮುನ್ನವೇ ಫೆಲ್ ಅಮ್ಮನವರು ಅದರ ನಿರ್ದೇಶಕರಾಗಿ, 1970ರ ವರೆಗೆ ನಡೆಸಿದರು.

ತಗ್ಗಾದ ಗಾಜಿನ ಬಿಲ್ಲೆಯಲ್ಲಿ ಕೋಳಿಯ ರಕ್ತದ್ರವವನ್ನು ಹೆಪ್ಪುಗಟ್ಟಿಸಿ, ಮೊಟ್ಟೆಯೊಳಗಣ ಮರಿಯ ಎಲುಬಿನ ಮೊಳಕೆಯನ್ನು ಅದರ ಮೇಲಿರಿಸಿ, ಒದ್ದೆ ಹತ್ತಿಯ ತೇವದಲ್ಲಿ ಬೆಚ್ಚಗೆ ಕಾಪಾಡುವರು. ಜೀವಕೋಶಗಳು ಹಾಳೆಯಂತೆ ಸುಮ್ಮನೆ ಹರಡಿಕೊಳ್ಳದೆ, ಎಲುಬು ಎಲುಬಾಗಿಯೇ ರೂಪುಗೊಂಡು ಬೆಳೆಯಿತು! ಸಸಿಮಡಿಯ ಕಾಫಿಬೀಜದಂತೆ ತನ್ನ ಆಕಾರವನ್ನು ಅದು ತನ್ನೊಳಗೇ ಇಟ್ಟುಕೊಂಡಿತ್ತು. 1953ರಲ್ಲಿ ಮೆಲನ್‌ಬಿ ಅವರೊಡನೆ ಇನ್ನೊಂದನ್ನು ತೋರಿಸಿದರು: 'ಎ' ಜೀವಸತ್ವವನ್ನು ಅತಿಯಾಗಿ ಕೊಟ್ಟರೆ ಚರ್ಮವಾಗತಕ್ಕ ಕೋಶಗಳು ಲೋಳೆಯ ಪೊರೆಯಾಗಿ ಮಾರ್ಪಡುವುವು. ಆದರೆ ರಕ್ತಸಂಚಾರವಿಲ್ಲದ ತುಂಡು ದಪ್ಪವಾದರೆ, ಅದರ ನಡುಭಾಗವು ಆಹಾರವಿಲ್ಲದೆ ಸಾಯುವುದು.

ಯಕೃತ್ತನ್ನು ಬೆಳೆಸಲೆಳಸುವವರಿಗೂ ಇದೇ ತೊಡಕು. ಯಕೃತ್ತು ಪೂರ್ತಿ ಕೆಟ್ಟವನಿಗೆ ಇನ್ನೊಬ್ಬರ ಯಕೃತ್ತನ್ನೋ ಅದರ ಭಾಗವನ್ನೋ ಜೋಡಿಸಬೇಕು. ಕೊಡುವವರು ಸಿಕ್ಕದೆ ಸಾಯುವವರುಂಟು. 2013ರಲ್ಲಿ ಜಪಾನಿನ ಯೋಕೋಹಾಮಾದ ತಕೇಬೆ ಮುಂತಾದವರು ಕಾಂಡಕೋಶಗಳಿಂದಾದ ಯಕೃತ್ಕೋಶಗಳಿಗೆ ರಕ್ತನಾಳ ಕಟ್ಟುವ ಕೋಶಗಳನ್ನು ಬೆರಸಿ, ಯಕೃತ್ತಿನ ಮೊಗ್ಗುಗಳನ್ನು ಇಲಿಗಳಲ್ಲಿ ನೆಟ್ಟರು. ನಾಳಗಳು ಕೂಡಿಕೊಂಡು ರಕ್ತವು ಹರಿಯಿತು. ನಮ್ಮ ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆಯವರು 2015ರಲ್ಲಿ, ಮೆಣಸಿನ ಬಳ್ಳಿಗೆ ಮರವಿರುವಂತೆ ಕೋಶಗಳಿಗೊಂದು ಆಧಾರವನ್ನೊದಗಿಸಿ, ಯಂತ್ರದಿಂದ ಪದರಪದರವಾಗಿ ಅಚ್ಚೊತ್ತಿದ ಯಕೃತ್ತಿನ ಅಂಗಾಂಶವನ್ನು ಪ್ರಕಟಿಸಿದರು. ಮನುಷ್ಯನಿಗೆ ಜೋಡಿಸಬಲ್ಲ ಇಡೀ ಯಕೃತ್ತನ್ನು ಇನ್ನೂ ಯಾರೂ ಬೆಳೆಸಿಲ್ಲ.

ಫೆಲ್ ಅಮ್ಮನವರಿಗೆ 1952ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1963ರಲ್ಲಿ ಡೇಮ್ ಪದವಿಯೂ ದೊರೆತವು. ನಿವೃತ್ತರಾದ ಮೇಲೂ ಪ್ರಯೋಗಗಳನ್ನು ಬಿಡದೆ, 1986ನೆಯ ಏಪ್ರಿಲ್ 22ರಂದು ಕಾಲವಾದರು.